ಕಾಂಪ್ಯಾಕ್ಟ್ ಎಸ್‌ಯುವಿಯಲ್ಲಿ ಆಫ್‌ರೋಡ್: ಕಲ್ಲು, ಕೊರಕಲು, ಕೆಸರಿನ ದಾರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕಾಂಪ್ಯಾಕ್ಟ್ ಎಸ್‌ಯುವಿ ಕಚ್ಚಾ ದಾರಿಯಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಒಂದೋ ಗಾಡಿಯ ಹೊಟ್ಟೆ ನೆಲಕ್ಕೆ ತಾಗಿ ಕೂತುಬಿಡುತ್ತದೆ. ಇಲ್ಲವೇ ಒಂದು ಚಕ್ರ ಮೇಲೆದ್ದು ಗಾಳಿಯಲ್ಲಿ ಸುಮ್ನೆ ತಿರುಗತೊಡಗುತ್ತದೆ. ಎಂಜಿನ್‌ಗೆ ಶಕ್ತಿ ಸಾಲದೆ ನಿಂತ ಗಾಡಿಗಳು ಅಪರೂಪ. ಹಾಗಾಗಿ ಮುಂದೆ ಹೇಳುವುದೆಲ್ಲ ಹೆಚ್ಚುಕಡಿಮೆ ಈ ಎರಡರ ಸುತ್ತಲೇ ಇದೆ: ಹೊಟ್ಟೆ ನೆಲಕ್ಕೆ ತಾಗಬಾರದು, ನಾಲ್ಕೂ ಚಕ್ರ ನೆಲ ಬಿಡಬಾರದು.

ದೊಡ್ಡ ಟೈರು, ಎತ್ತರಿಸಿದ ಸಸ್ಪೆನ್ಷನ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟಾರು ರಾಟೆ) ಎಲ್ಲ ಹಾಕಿಸಿಕೊಂಡವರಿಗೆ ಇದು ಬೇಕಿಲ್ಲ. ಶೋರೂಮಿನಿಂದ ಬಂದ ಹಾಗೇ ಇರುವ, ವಾರವೆಲ್ಲ ಆಫೀಸಿಗೆ ಓಡಾಡುವ ಗಾಡಿಯನ್ನು ಒರಟು ದಾರಿಗೆ ಒಯ್ದು, ಅದರಲ್ಲೇ ಮನೆಗೆ ವಾಪಸ್ ಬರಬೇಕು ಅನ್ನುವವರಿಗೆ ಬರೆದದ್ದು.

ಹಂತ 1: ಗಾಡಿಯ ಕೆಳಗೆ ಇಣುಕಿ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಟಾರ್ಚ್ ಹಿಡಿದು, ನೆಲಕ್ಕೆ ಒರಗಿ ಕೆಳಗೆ ನೋಡಿ. ಎಲ್ಲಕ್ಕಿಂತ ಕೆಳಗೆ ಇಳಿಬಿದ್ದಿರುವುದು ಯಾವುದು? ಕೆಲವು ಗಾಡಿಗಳಲ್ಲಿ ಎಂಜಿನ್ ಆಯಿಲ್ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ), ಕೆಲವುದರಲ್ಲಿ ಸೈಲೆನ್ಸರ್ ಪೈಪು, ಇನ್ನು ಕೆಲವುದರಲ್ಲಿ ಹಿಂದಿನ ಆಕ್ಸಲ್‌ನ ತೊಲೆ. ಅದು ಎಡಕ್ಕಿದೆಯೋ, ಬಲಕ್ಕಿದೆಯೋ, ಮಧ್ಯದಲ್ಲಿದೆಯೋ ನೆನಪಿಟ್ಟುಕೊಳ್ಳಿ. ದಾರಿಯಲ್ಲಿ ಕಲ್ಲು ಎದುರಾದಾಗ ಅದನ್ನು ಯಾವ ಕಡೆಗೆ ಬಿಟ್ಟು ಹೋಗಬೇಕು ಅಂತ ಆಗ ಯೋಚಿಸಬೇಕಾಗಿಲ್ಲ.

ಎಂಜಿನ್ ಕೆಳಗಿನ ಕಪ್ಪು ಹೊದಿಕೆಯನ್ನು ಬೆರಳಿನಿಂದ ತಟ್ಟಿ ನೋಡಿ. ಬಹಳಷ್ಟು ಗಾಡಿಗಳಲ್ಲಿ ಅದು ಬರೀ ಪ್ಲಾಸ್ಟಿಕ್. ಕೆಸರು ಸಿಡಿಯದಂತೆ ತಡೆಯುತ್ತದೆ ಅಷ್ಟೇ, ಕಲ್ಲಿನ ಏಟು ತಡೆಯುವುದಿಲ್ಲ. ಒಂದೇ ಒಂದು ವಸ್ತುವಿಗೆ ದುಡ್ಡು ಹಾಕುತ್ತೇನೆ ಅನ್ನುವವರಿಗೆ ನಾನು ಹೇಳುವುದು ಲೋಹದ ಸಂಪ್ ಗಾರ್ಡ್. ಸಂಪ್ ಒಡೆದು ಆಯಿಲ್ ಸೋರಿಹೋದರೆ ಗಾಡಿ ಅಲ್ಲೇ ಮುಗಿಯಿತು. ಬೇರೆ ಪೆಟ್ಟುಗಳು ಅಷ್ಟರ ಮಟ್ಟಿಗೆ ಕೈಕೊಡುವುದಿಲ್ಲ.

ಇನ್ನು ಅಂಕಿಗಳು. ಹೆಚ್ಚಿನ ಕಾಂಪ್ಯಾಕ್ಟ್ ಎಸ್‌ಯುವಿಗಳ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಹೊಟ್ಟೆಯ ಅತಿ ಕೆಳಗಿನ ಭಾಗಕ್ಕೂ ಇರುವ ಅಂತರ, 170ರಿಂದ 210 ಮಿಲಿಮೀಟರ್ ಒಳಗೆ ಇರುತ್ತದೆ. ಆ ಅಂಕಿ ಖಾಲಿ ಗಾಡಿಯದೋ ಜನ, ಸಾಮಾನು ತುಂಬಿದ ಗಾಡಿಯದೋ ಅಂತ ನೋಡಿಕೊಳ್ಳಿ. ಐದು ಜನ ಕೂತು ಡಿಕ್ಕಿ ತುಂಬಿದರೆ ಗಾಡಿ ಕೆಲವು ಸೆಂಟಿಮೀಟರ್ ಕೆಳಗಿಳಿಯುತ್ತದೆ.

ಕ್ಲಿಯರೆನ್ಸ್ ಒಂದನ್ನೇ ನೋಡಿ ಧೈರ್ಯ ಮಾಡುವವರು ಜಾಸ್ತಿ. ಆದರೆ ಮೂರು ಕೋನಗಳೂ ಅಷ್ಟೇ ಮುಖ್ಯ. ಮುಂದಿನ ಬಂಪರ್ ತಾಗದೆ ಎಷ್ಟು ಕಡಿದಾದ ಏರಿಗೆ ಮೂತಿ ಇಡಬಹುದು ಅನ್ನುವುದು ಅಪ್ರೋಚ್ ಕೋನ. ಹಿಂದಿನ ಬಂಪರ್ ತಾಗದೆ ಇಳಿಯಬಹುದಾದದ್ದು ಡಿಪಾರ್ಚರ್ ಕೋನ. ದಿಬ್ಬ ದಾಟುವಾಗ ನಡುಹೊಟ್ಟೆ ತಾಗುತ್ತದೋ ಇಲ್ಲವೋ ಎಂಬುದನ್ನು ಹೇಳುವುದು ಬ್ರೇಕ್‌ಓವರ್ ಕೋನ. ಮೂರು ಬಾಗಿಲಿನ ಸುಜುಕಿ ಜಿಮ್ನಿಯ ಕ್ಲಿಯರೆನ್ಸ್ 210 ಮಿಲಿಮೀಟರ್, ಕೋನಗಳು ಇದೇ ಕ್ರಮದಲ್ಲಿ 37, 49, 28 ಡಿಗ್ರಿ. ಸುಮಾರು ಅಷ್ಟೇ ಕ್ಲಿಯರೆನ್ಸ್ ಇರುವ, ಆದರೆ ಮೂತಿ ಉದ್ದವಾಗಿ ಚಾಚಿದ ಕ್ರಾಸೋವರ್‌ಗಳಲ್ಲಿ (ಕಾರಿನ ತಳಹದಿಯ ಮೇಲೆ ಕಟ್ಟಿದ ಎಸ್‌ಯುವಿಗಳಲ್ಲಿ) ಅಪ್ರೋಚ್ ಕೋನ 20 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಜಿಮ್ನಿ ಹತ್ತಿದ ದಿಣ್ಣೆಯಲ್ಲಿ ಈ ಕ್ರಾಸೋವರ್‌ಗಳು ಬಂಪರ್ ಕಳೆದುಕೊಳ್ಳುವುದು ಇದಕ್ಕೇ.

ಕೈಪಿಡಿಯಲ್ಲಿ ಕೋನಗಳನ್ನು ಕೊಟ್ಟಿಲ್ಲವೇ? ಒಂದು ನೇರವಾದ ಕೋಲು ತನ್ನಿ. ಮುಂದಿನ ಟೈರು ನೆಲ ಮುಟ್ಟುವಲ್ಲಿ ಅದರ ಒಂದು ತುದಿ ಇಟ್ಟು, ಇನ್ನೊಂದು ತುದಿಯನ್ನು ಬಂಪರ್‌ಗೆ ತಾಗುವ ತನಕ ಎತ್ತಿ. ಆ ಕೋಲಿನ ಓರೆಯೇ ನಿಮ್ಮ ಗಡಿ. ಹಿಂದೆಯೂ ಹೀಗೇ ಮಾಡಿ. ಒಮ್ಮೆ ಕಣ್ಣಾರೆ ನೋಡಿದರೆ ಡಿಗ್ರಿ ಲೆಕ್ಕ ಬೇಕಾಗುವುದಿಲ್ಲ.

ಹಂತ 2: ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ?

ಡಿಕ್ಕಿ ಬಾಗಿಲ ಮೇಲೆ ಏನು ಬರೆದಿದೆ ಅನ್ನುವುದನ್ನು ಬಿಡಿ. ಕಾಂಪ್ಯಾಕ್ಟ್ ಎಸ್‌ಯುವಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮುಂದಿನ ಎರಡೇ ಚಕ್ರ ಎಳೆಯುವಂಥವು. ಸಾಮಾನ್ಯವಾಗಿ ಮುಂದಿನ ಚಕ್ರ ಎಳೆದು, ಅವು ಜಾರಿದಾಗ ಕ್ಲಚ್ ಪ್ಯಾಕ್ (ಒತ್ತಿಕೊಂಡಾಗ ಶಕ್ತಿ ದಾಟಿಸುವ ತಟ್ಟೆಗಳ ಜೋಡಣೆ) ಮೂಲಕ ಹಿಂದಿನ ಚಕ್ರಕ್ಕೂ ಶಕ್ತಿ ಕೊಡುವ ಆಲ್‌ವೀಲ್ ಡ್ರೈವ್. ಮೂರನೆಯದು ಲೋ ರೇಂಜ್ ಗೇರ್ (ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಹೆಚ್ಚುವರಿ ಗೇರ್) ಇರುವ ನಿಜವಾದ ಫೋರ್‌ವೀಲ್ ಡ್ರೈವ್. ಈ ಕೊನೆಯವು ಕೆಲವೇ ಕೆಲವು.

ಮೊದಲ ಎರಡು ಬಗೆಯಲ್ಲಿ ಒಂದು ಸಾಮಾನ್ಯ ತೊಂದರೆ ಇದೆ. ಎಡ ಬಲ ಚಕ್ರಗಳ ನಡುವೆ ಇರುವುದು ಸಾದಾ ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಅದು ಎರಡೂ ಚಕ್ರಕ್ಕೆ ಒಂದೇ ಸಮನಾದ ಒತ್ತು, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಒತ್ತೇ ಬೇಕಾಗಿಲ್ಲ. ಹಾಗಾಗಿ ನೆಲದ ಮೇಲಿರುವ ಇನ್ನೊಂದಕ್ಕೂ ಹೆಚ್ಚೇನೂ ಸಿಗುವುದಿಲ್ಲ. ಎದ್ದ ಚಕ್ರ ಗಿರಗಿರ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಇದಕ್ಕೆ ಈಗಿನ ಗಾಡಿಗಳಲ್ಲಿರುವ ಮದ್ದು ಟ್ರಾಕ್ಷನ್ ಕಂಟ್ರೋಲ್. ಸುಮ್ನೆ ತಿರುಗುವ ಚಕ್ರಕ್ಕೆ ಅದೇ ಬ್ರೇಕ್ ಹಾಕುತ್ತದೆ. ಆಗ ಹಿಡಿತ ಇರುವ ಚಕ್ರಕ್ಕೂ ಒತ್ತು ಸಿಗುತ್ತದೆ. ಇಲ್ಲೊಂದು ಗುಟ್ಟು ಇದೆ. ಚಕ್ರ ಸ್ವಲ್ಪ ತಿರುಗಿದ ಮೇಲೆಯೇ ಈ ವ್ಯವಸ್ಥೆ ಎಚ್ಚರಗೊಳ್ಳುವುದು. ಚಕ್ರ ಜಾರಿದ ಸದ್ದು ಕೇಳಿ ಗಾಬರಿಯಾಗಿ ಕಾಲು ತೆಗೆದರೆ ಅದಕ್ಕೆ ಕೆಲಸ ಮಾಡಲು ಅವಕಾಶವೇ ಸಿಗುವುದಿಲ್ಲ. ಆಕ್ಸಿಲರೇಟರನ್ನು ಹಗುರವಾಗಿ, ಒಂದೇ ಸಮ ಹಿಡಿದು ಎರಡು ಮೂರು ಸೆಕೆಂಡ್ ಕಾಯಿರಿ. ಟಕಟಕ ಅಂತ ಬ್ರೇಕಿನ ಸದ್ದು ಬಂದು ಗಾಡಿ ನಿಧಾನಕ್ಕೆ ಮೇಲೆದ್ದು ಬರುತ್ತದೆ. ಇಷ್ಟು ಗೊತ್ತಿಲ್ಲದೆ "ಈ ಗಾಡಿ ಆಗಲ್ಲ" ಅಂತ ಕೈಚೆಲ್ಲುವವರೇ ಜಾಸ್ತಿ.

ಆಲ್‌ವೀಲ್ ಡ್ರೈವ್‌ನ ಕ್ಲಚ್ ಪ್ಯಾಕ್ ಸತತವಾಗಿ ಜಾರಿದರೆ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿ, ಹಿಂದಿನ ಚಕ್ರಗಳಿಗೆ ಶಕ್ತಿ ನಿಲ್ಲುತ್ತದೆ. ಆಗ ಹಟ ಮಾಡಬೇಡಿ, ನಿಲ್ಲಿಸಿ ಆರಲು ಬಿಡಿ. ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಇದ್ದವರು ಏರಿನಲ್ಲಿ ಗಾಡಿಯನ್ನು ಆಕ್ಸಿಲರೇಟರ್ ಮೇಲೆ ನಿಲ್ಲಿಸುವ ಅಭ್ಯಾಸ ಬಿಡಬೇಕು. ಮ್ಯಾನುವಲ್ ಗಾಡಿಯವರಿಗೆ ಹಾಫ್ ಕ್ಲಚ್ ಹೇಗೋ ಇದೂ ಹಾಗೇ, ಕ್ಲಚ್ ಸುಟ್ಟುಹೋಗುತ್ತದೆ.

ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿಯೇ ಬೇಕು, ಮೊನೊಕಾಕ್ (ಚಾಸಿ, ಬಾಡಿ ಎರಡೂ ಒಂದೇ ಆಗಿರುವುದು) ಆಗುವುದಿಲ್ಲ ಅನ್ನುವ ವಾದ ಕೇಳಿರುತ್ತೀರಿ. 1977ರಲ್ಲಿ ಬಂದ ಲಾಡಾ ನಿವಾ ಮೊನೊಕಾಕ್ ಗಾಡಿಯೇ. ಆದರೆ ಅದರಲ್ಲಿ ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ, ಜೊತೆಗೆ ಲೋ ರೇಂಜ್ ಇತ್ತು. ದಶಕಗಟ್ಟಲೆ ಜನ ಅದನ್ನು ಹಿಮ, ಕೆಸರಿನಲ್ಲಿ ಓಡಿಸಿದ್ದಾರೆ. ಬಾಡಿಯ ಕಥೆ ಅಷ್ಟೇನೂ ದೊಡ್ಡದಲ್ಲ.

ಹಂತ 3: ಟೈರಿನ ಗಾಳಿ ಇಳಿಸಿ

ಇದಕ್ಕೆ ಖರ್ಚಿಲ್ಲ, ಆದರೆ ಇದರಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗುವುದಿಲ್ಲ. ಗಾಳಿ ಕಡಿಮೆಯಾದಾಗ ಟೈರು ನೆಲವನ್ನು ಮುಟ್ಟುವ ಜಾಗ ಉದ್ದವಾಗುತ್ತದೆ. ಹಿಡಿತ ಹೆಚ್ಚುತ್ತದೆ. ಸಣ್ಣ ಕಲ್ಲುಗಳನ್ನು ಟೈರೇ ನುಂಗಿಕೊಳ್ಳುತ್ತದೆ, ಒಳಗೆ ಕೂತವರ ಬೆನ್ನಿಗೂ ಸುಖ.

ಡ್ರೈವರ್ ಬಾಗಿಲ ಬಳಿ ಇರುವ ಚೀಟಿಯಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತಿದೆ ಎಂದುಕೊಳ್ಳಿ. ಕಲ್ಲು, ಜಲ್ಲಿಯ ದಾರಿಗೆ 25ರ ಹತ್ತಿರ ಇಳಿಸಿ. ಸಡಿಲ ಮರಳು ಬಂದರೆ 18ರ ತನಕ ಹೋಗಬಹುದು. 15ಕ್ಕಿಂತ ಕೆಳಗೆ ಇಳಿಸಬೇಡಿ. ಸ್ಟಿಯರಿಂಗ್ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಅಳೆಯುವುದು ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಮೂರು ನಾಲ್ಕು ಪಿಎಸ್‌ಐ ಹೆಚ್ಚೇ ತೋರಿಸುತ್ತದೆ.

18 ಇಂಚಿನ ರಿಮ್ಮಿಗೆ ಗಿಡ್ಡ ಪಕ್ಕೆಯ ಟೈರು ಹಾಕಿರುವ ಟಾಪ್ ಮಾಡೆಲ್ ಗಾಡಿಗಳಲ್ಲಿ ಸ್ವಲ್ಪ ಹುಷಾರು. ಕಲ್ಲಿನ ಏಟಿಗೆ ರಿಮ್ಮೇ ಬಗ್ಗುತ್ತದೆ. ಈ ಕೆಲಸಕ್ಕೆ 16 ಇಂಚಿನ ರಿಮ್ ಇರುವ ಕೆಳಗಿನ ಮಾಡೆಲ್ಲೇ ವಾಸಿ, ನೋಡಲಿಕ್ಕೆ ಹೇಗಾದರೂ ಇರಲಿ.

ಗಾಳಿ ಇಳಿಸಿದವರು ಮತ್ತೆ ತುಂಬಲೂಬೇಕಲ್ವಾ? ಅದಕ್ಕೆ 12 ವೋಲ್ಟಿನ ಕಂಪ್ರೆಸರ್ ಗಾಡಿಯಲ್ಲಿರಲಿ. ಕಡಿಮೆ ಗಾಳಿಯಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಟೈರಿನ ಪಕ್ಕೆ ಬಿಸಿಯಾಗಿ ಸಿಡಿಯುವ ಅಪಾಯವಿದೆ. ಡಾಂಬರು ಸಿಕ್ಕ ಕಡೆಯೇ ನಿಂತು ತುಂಬಿ, ಆಮೇಲೆ ಹೊರಡಿ.

ಸ್ಟೆಪ್ನಿಯನ್ನೂ ಈಗಲೇ ಹೊರಗೆ ತೆಗೆದು ನೋಡಿ. ಹಲವು ಗಾಡಿಗಳಲ್ಲಿ ಸಣಕಲು ಸ್ಪೇಸ್ ಸೇವರ್ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದರ ಮೇಲೆ ಗಂಟೆಗೆ 80 ಕಿಲೋಮೀಟರ್ ಮಿತಿ ಬರೆದಿರುತ್ತದೆ. ಕಲ್ಲಿನ ದಾರಿಗೆ ಅದು ಲಾಯಕ್ಕಲ್ಲ. ಆಲ್‌ವೀಲ್ ಡ್ರೈವ್‌ನಲ್ಲಿ ಬೇರೆ ಅಳತೆಯ ಟೈರು ಹಾಕಿ ದೂರ ಓಡಿಸಿದರೆ ಮಧ್ಯದ ಕ್ಲಚ್ಚಿಗೂ ಏಟು. ಪೂರ್ಣ ಅಳತೆಯ ಸ್ಟೆಪ್ನಿ ಇಲ್ಲದಿದ್ದರೆ ದಾರಿಯನ್ನೂ ಅಷ್ಟಕ್ಕೆ ತಕ್ಕ ಹಾಗೆ ಆರಿಸಿಕೊಳ್ಳಿ.

ಹಂತ 4: ಸಾಮಾನು ಮತ್ತು ಜೊತೆ

ಸಲಿಕೆ, ಕೈಗವಸು, ಗಾಳಿ ಅಳೆಯುವ ಗೇಜ್, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಜಾಕಿನ ಕೆಳಗಿಡಲು ಒಂದು ದಪ್ಪ ಹಲಗೆ, ಒಳ್ಳೆಯ ಹಗ್ಗ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಣ್ಣ ಸಿಲಿಂಡರ್. ಇಷ್ಟಿದ್ದರೆ ಸಾಕು. ಟ್ರಾಕ್ಷನ್ ಬೋರ್ಡ್ (ಹೂತ ಟೈರಿನಡಿ ಇಡುವ ಹಲ್ಲುಹಲ್ಲಿನ ಹಲಗೆ) ಸಿಕ್ಕರೆ ಇನ್ನೂ ಒಳ್ಳೆಯದು. ಹೈ ಲಿಫ್ಟ್ ಜಾಕ್ (ಬಂಪರಿಗೆ ಸಿಕ್ಕಿಸಿ ಗಾಡಿ ಎತ್ತುವ ಉದ್ದ ಕಂಬದ ಜಾಕ್) ಮಾತ್ರ ಬೇಡ. ಕಾಂಪ್ಯಾಕ್ಟ್ ಎಸ್‌ಯುವಿಯ ಬಂಪರಿನಲ್ಲಾಗಲಿ ಪಕ್ಕದಲ್ಲಾಗಲಿ ಅದನ್ನು ಸಿಕ್ಕಿಸುವ ಗಟ್ಟಿ ಜಾಗವೇ ಇರುವುದಿಲ್ಲ.

ಎಲ್ಲವನ್ನೂ ಕಟ್ಟಿಡಿ. ಗಾಡಿ ಓಲಾಡುವಾಗ ಬಿಡಿಯಾಗಿ ಬಿದ್ದಿರುವ ಜಾಕ್ ಹಾರಿ ತಲೆಗೆ ಬಡಿಯುತ್ತದೆ. ಭಾರವಾದದ್ದು ಕೆಳಗಿರಲಿ, ಚಾವಣಿಯ ಮೇಲೆ ಹೇರಬೇಡಿ.

ಆದಷ್ಟೂ ಇನ್ನೊಂದು ಗಾಡಿ ಜೊತೆಗಿರಲಿ. ಒಬ್ಬರೇ ಹೋಗುವುದಾದರೆ ದಾರಿ ಯಾವುದು, ವಾಪಸ್ ಎಷ್ಟು ಹೊತ್ತಿಗೆ ಅಂತ ಮನೆಯಲ್ಲಿ ಯಾರಿಗಾದರೂ ಹೇಳಿಟ್ಟು ಹೋಗಿ. ಆ ಜಾಗದಲ್ಲಿ ಗಾಡಿ ಓಡಿಸಲು ಅನುಮತಿ ಬೇಕೋ ವಿಚಾರಿಸಿ. ಇರುವ ಜಾಡಿನಲ್ಲೇ ಹೋಗಿ, ಹೊಸ ಜಾಡು ಮಾಡಬೇಡಿ.

ಹಂತ 5: ಕೂರುವುದು, ಹಿಡಿಯುವುದು

ಸೀಟನ್ನು ಮಾಮೂಲಿಗಿಂತ ಸ್ವಲ್ಪ ಎತ್ತರಿಸಿ, ಬಾನೆಟ್ಟಿನ ಅಂಚು ಕಾಣಬೇಕು. ಬೆಲ್ಟ್ ಬಿಗಿಯಾಗಿರಲಿ. ಹೆಬ್ಬೆರಳುಗಳನ್ನು ಸ್ಟಿಯರಿಂಗ್‌ನ ಒಳಗೆ ತೂರಿಸಬೇಡಿ, ಅಂಚಿನ ಮೇಲೆ ಇಡಿ. ಚಕ್ರ ಕಲ್ಲಿಗೆ ಬಡಿದಾಗ ಸ್ಟಿಯರಿಂಗ್ ಫಕ್ಕನೆ ತಿರುಗಿ ಬೆರಳು ಮುರಿಯಬಹುದು. ಪವರ್ ಸ್ಟಿಯರಿಂಗ್ ಇದ್ದರೆ ಏಟು ಕಡಿಮೆ, ಆದರೂ ಅಭ್ಯಾಸ ಒಳ್ಳೆಯದು. ಕಿಟಕಿ ಇಳಿಸಿ, ಮ್ಯೂಸಿಕ್ ಆರಿಸಿ. ಚಕ್ರದ ಸದ್ದು, ಹೊಟ್ಟೆ ಉಜ್ಜುವ ಸದ್ದು ಕೇಳಿಸಬೇಕು. ಆದರೆ ಕೈ ಹೊರಗೆ ಹಾಕಬೇಡಿ.

ಹಂತ 6: ಇಳಿದು ನಡೆಯಿರಿ

ಗಾಡಿಯೊಳಗೆ ಕೂತು ನೋಡಿದರೆ ದಾರಿ ಕಾಣುವುದೇ ಅರ್ಧ. ಬಾನೆಟ್ಟಿನ ಮುಂದಿನ ಕೆಲವು ಅಡಿ ನೆಲ ಕಾಣುವುದೇ ಇಲ್ಲ. ಸಂಶಯ ಬಂದ ಕಡೆಯೆಲ್ಲ ಇಳಿದು, ನಡೆದು, ಆ ತುದಿಯ ತನಕ ನೋಡಿ ಬನ್ನಿ. ಹಿಂದೆ ಕಾಯುವವರಿಗೆ ಬೇಜಾರಾಗಬಹುದು, ಆಗಲಿ.

ನಡೆಯುವಾಗ ನಾಲ್ಕು ಚಕ್ರಗಳನ್ನೂ ಒಂದೊಂದಾಗಿ ಮನಸ್ಸಿನಲ್ಲಿ ಓಡಿಸಿ. ಮುಂದಿನ ಎಡಚಕ್ರ ಆ ಕಲ್ಲು ಹತ್ತಿದಾಗ ಹಿಂದಿನ ಬಲಚಕ್ರ ಎಲ್ಲಿರುತ್ತದೆ? ಅದೂ ಇನ್ನೊಂದು ಕಲ್ಲಿನ ಮೇಲಾ? ಹಾಗಿದ್ದರೆ ಉಳಿದ ಎರಡು ಚಕ್ರ ನೆಲ ಬಿಡುತ್ತವೆ. ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳ ಜಾಡು ಹಿಡಿಯುವುದಿಲ್ಲ, ಒಳಗಿನಿಂದ ಕತ್ತರಿಸಿಕೊಂಡು ಬರುತ್ತವೆ. ಮುಂದಿನ ಚಕ್ರ ಕಲ್ಲು ತಪ್ಪಿಸಿತು ಅಂತ ನಿರಾಳವಾದಾಗಲೇ ಹಿಂದಿನದು ಅದೇ ಕಲ್ಲಿಗೆ ಪಕ್ಕೆ ಕೊಡುತ್ತದೆ. ಟೈರಿನ ಪಕ್ಕೆ ಸೀಳಿದರೆ ಪಂಕ್ಚರ್ ಕಿಟ್‌ನಿಂದ ಏನೂ ಆಗುವುದಿಲ್ಲ.

ಕೈಯಲ್ಲಿ ಆಗುವಷ್ಟು ರಿಪೇರಿಯನ್ನು ನಡೆಯುವಾಗಲೇ ಮಾಡಿ. ಅಡ್ಡ ಬಿದ್ದ ಕಲ್ಲು ಸರಿಸಿ, ಗುಂಡಿಗೆ ನಾಲ್ಕು ಕಲ್ಲು ತುಂಬಿ. ಹತ್ತು ನಿಮಿಷದ ಈ ಕೂಲಿ ಕೆಲಸದಿಂದ ಕಾಂಪ್ಯಾಕ್ಟ್ ಗಾಡಿ ದಾಟಲಾರದ ಜಾಗವನ್ನೂ ದಾಟುತ್ತದೆ. ದಾಟಿದ ಮೇಲೆ, ಮುಂದಕ್ಕೆ ಹೊರಡುವ ಮೊದಲು ತುಂಬಿದ ಕಲ್ಲುಗಳನ್ನು ತೆಗೆದು ಬದಿಗೆ ಹಾಕಿ.

ಹೊರಗೆ ನಿಂತು ದಾರಿ ತೋರಿಸುವವರು ಒಬ್ಬರೇ ಇರಲಿ. ನಾಲ್ಕು ಜನ ನಾಲ್ಕು ಕಡೆಯಿಂದ "ರೈಟ್, ರೈಟ್" ಅಂದರೆ ಯಾರ ರೈಟು? ಮಾತು ಬೇಡ, ಕೈಸನ್ನೆ ಸಾಕು. ತೋರಿಸುವವರು ಗಾಡಿಯ ಮುಂದೆ ದೂರದಲ್ಲಿ, ಡ್ರೈವರ್‌ಗೆ ಕಾಣುವಂತೆ ನಿಲ್ಲಬೇಕು. ಇಳಿಜಾರಿನಲ್ಲಿ ಗಾಡಿಯ ಕೆಳಬದಿಗೆ ನಿಲ್ಲಲೇಬಾರದು. ಅವರು ಕಾಣದಿದ್ದರೆ ಡ್ರೈವರ್ ತಕ್ಷಣ ಗಾಡಿ ನಿಲ್ಲಿಸಬೇಕು.

ವಾಪಸ್ ತಿರುಗುವ ತೀರ್ಮಾನವೂ ಇಲ್ಲೇ ಆಗಬೇಕು. ಇಳಿದು ಹೋಗುವ ದಾರಿಯಾದರೆ ಅದನ್ನೇ ಹತ್ತಿ ಬರಲು ನಿಮ್ಮ ಗಾಡಿಗೆ ಆಗುತ್ತದಾ, ಅದರಲ್ಲೂ ಮಳೆ ಬಂದರೆ ಆಗುತ್ತದಾ ಅಂತ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ಇಳಿಯಬೇಡಿ.

ಹಂತ 7: ಕಲ್ಲು, ಕೊರಕಲು, ಅಡ್ಡ ಕಾಲುವೆ

ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟು ದಾಟೋಣ ಅನ್ನಿಸುವುದು ಸಹಜ. ಸಣ್ಣ ಕಲ್ಲಿಗೆ ಪರವಾಗಿಲ್ಲ. ಆದರೆ ದೊಡ್ಡ ಕಲ್ಲಿನ ಮೇಲೆ ಚಕ್ರವನ್ನೇ ಹತ್ತಿಸಬೇಕು. ಚಕ್ರ ಮೇಲೇರಿದರೆ ಹೊಟ್ಟೆಯೂ ಮೇಲೇರುತ್ತದೆ. ನಡಿಗೆಯ ವೇಗದಲ್ಲಿ ಹತ್ತಿಸಿ, ಮೇಲೆ ಬಂದ ಕೂಡಲೇ ಬ್ರೇಕಿನ ಮೇಲೆ ಕಾಲಿಟ್ಟು ಮೆಲ್ಲನೆ ಇಳಿಸಿ. ಧಡ್ ಅಂತ ಬಿದ್ದರೆ ಸಸ್ಪೆನ್ಷನ್ ಕುಗ್ಗಿ, ಇದ್ದ ಕ್ಲಿಯರೆನ್ಸ್ ಅರ್ಧಕ್ಕಿಳಿದು, ಸಂಪ್ ಏಟು ತಿನ್ನುತ್ತದೆ. ಲೋ ರೇಂಜ್ ಇಲ್ಲದ ಆಟೋಮ್ಯಾಟಿಕ್‌ನಲ್ಲಿ ಎಡಗಾಲನ್ನು ಬ್ರೇಕಿನ ಮೇಲೆ ಹಗುರವಾಗಿ ಇಟ್ಟು, ಬಲಗಾಲಿನಲ್ಲಿ ಆಕ್ಸಿಲರೇಟರ್ ಒತ್ತುವುದು ಒಳ್ಳೆಯ ಉಪಾಯ. ಆದರೆ ಕೆಲವು ಹೊಸ ಗಾಡಿಗಳು ಎರಡನ್ನೂ ಒಟ್ಟಿಗೆ ಒತ್ತಿದರೆ ಎಂಜಿನ್ ಶಕ್ತಿಯನ್ನೇ ಕತ್ತರಿಸುತ್ತವೆ. ಮೊದಲೇ ಖಾಲಿ ಜಾಗದಲ್ಲಿ ಪರೀಕ್ಷಿಸಿಕೊಳ್ಳಿ.

ಟ್ರ್ಯಾಕ್ಟರ್, ಲಾರಿ ಓಡಾಡಿ ಆಳವಾದ ಜಾಡಿನೊಳಗೆ ಇಳಿಯಬೇಡಿ. ಇಳಿದರೆ ನಡುವಿನ ದಿಂಡು ನಿಮ್ಮ ಹೊಟ್ಟೆಗೆ ತಾಗುವುದು ಗ್ಯಾರಂಟಿ. ಒಂದು ಬದಿಯ ಚಕ್ರ ನಡುವಿನ ದಿಂಡಿನ ಮೇಲೆ, ಇನ್ನೊಂದು ಬದಿಯದು ಜಾಡಿನ ಹೊರ ಅಂಚಿನ ಮೇಲೆ ಇರುವಂತೆ ಹೋಗಿ. ಅಕಸ್ಮಾತ್ ಜಾಡಿಗೆ ಬಿದ್ದರೆ, ಮುಂದಿನ ಚಕ್ರಗಳು ನೇರ ಇವೆಯೋ ಅಂತ ಕಿಟಕಿಯಿಂದ ನೋಡಿಕೊಳ್ಳಿ. ಚಕ್ರ ತಿರುಚಿಕೊಂಡೇ ಜಾಡಿನಲ್ಲಿ ಜಾರುತ್ತಿದ್ದು, ಜಾಡು ಮುಗಿದ ಕೂಡಲೇ ಗಾಡಿ ಆ ಕಡೆಗೆ ಎಗರುವುದುಂಟು.

ಅಡ್ಡ ಕಾಲುವೆ ದಾಟುವ ವಿಷಯದಲ್ಲಿ ಎಲ್ಲರೂ ಹೇಳುವ ಸೂತ್ರ ಒಂದೇ: ಓರೆಯಾಗಿ ದಾಟಿ, ಒಂದೊಂದೇ ಚಕ್ರ ಇಳಿಯಲಿ. ಬಂಪರ್ ಉಳಿಸಲು ಇದು ಸರಿ. ಆದರೆ ಕಾಂಪ್ಯಾಕ್ಟ್ ಎಸ್‌ಯುವಿಯ ಸಸ್ಪೆನ್ಷನ್ ಹೆಚ್ಚು ಚಾಚುವುದಿಲ್ಲ. ಆಳದ ಕಾಲುವೆಗೆ ಓರೆಯಾಗಿ ಇಳಿದರೆ ಗಾಡಿ ಕುಂಟು ಮೇಜಿನ ಹಾಗೆ ಎದುರುಬದುರು ಮೂಲೆಯ ಎರಡು ಚಕ್ರಗಳ ಮೇಲೆ ನಿಂತು, ಉಳಿದೆರಡು ಗಾಳಿಯಲ್ಲಿ ತಿರುಗುತ್ತವೆ. ಹಾಗಾಗಿ ನನ್ನ ಲೆಕ್ಕ ಬೇರೆ. ಬಂಪರ್ ತಾಗದಿದ್ದರೆ ನೇರವಾಗಿಯೇ ದಾಟಿ. ತಾಗುವುದಾದರೆ ಸ್ವಲ್ಪವೇ ಓರೆ ಮಾಡಿ. ಆಗಲೂ ಚಕ್ರ ಏಳುವುದಾದರೆ ಕಾಲುವೆಗೆ ಕಲ್ಲು ತುಂಬಿ. ಮುಂದಿನ ಚಕ್ರ ಮಾತ್ರ ಎಳೆಯುವ ಗಾಡಿಯವರು ಓರೆಯಾಗಿ ದಾಟುವ ಆಸೆಯನ್ನೇ ಬಿಡುವುದು ಒಳ್ಳೆಯದು.

ಹಂತ 8: ಏರು, ಇಳಿಜಾರು, ಪಕ್ಕಕ್ಕೆ ವಾಲಿದ ದಾರಿ

ಏರನ್ನು ನೇರವಾಗಿ ಹತ್ತಬೇಕು. ಕೆಳಗೇ ಸರಿಯಾದ ಗೇರ್ ಹಾಕಿಕೊಂಡು, ಮಧ್ಯೆ ಬದಲಿಸದೆ, ಒಂದೇ ಸಮನೆ ಹೋಗಿ. ಮೇಲೆ ತಲುಪುವ ಹೊತ್ತಿಗೆ ಕಾಲು ಸಡಿಲಿಸಿ. ನೆತ್ತಿಯ ಆಚೆ ಏನಿದೆ ಅಂತ ಬಾನೆಟ್ಟು ಮರೆಮಾಡಿರುತ್ತದೆ. ಅರ್ಧದಲ್ಲಿ ನಿಂತುಹೋದರೆ ಅಲ್ಲೇ ಗಾಡಿ ತಿರುಗಿಸಲು ಹೋಗಬೇಡಿ, ಗಾಡಿ ಉರುಳುವುದು ಹೀಗೆಯೇ. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಹತ್ತಿದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಯಿರಿ. ಕ್ಲಚ್ ಒತ್ತಿ, ನ್ಯೂಟ್ರಲ್‌ನಲ್ಲಿ ಇಳಿಯುವುದು ಅಪಾಯ.

ಇಳಿಜಾರಿನಲ್ಲಿ ಮೊದಲ ಗೇರ್. ಎಂಜಿನ್ನೇ ಗಾಡಿಯನ್ನು ಹಿಡಿದಿಡಲಿ, ಬ್ರೇಕ್ ಬರೀ ಸಹಾಯಕ್ಕೆ. ಲೋ ರೇಂಜ್ ಇಲ್ಲದ ಗಾಡಿಗಳಿಗೆ ಹಿಲ್ ಡಿಸೆಂಟ್ ಕಂಟ್ರೋಲ್ (ಇಳಿಜಾರಿನಲ್ಲಿ ತಾನೇ ಬ್ರೇಕ್ ಹಾಕಿ ವೇಗ ಹಿಡಿದಿಡುವ ವ್ಯವಸ್ಥೆ) ವರ ಇದ್ದಂತೆ. 1997ರಲ್ಲಿ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ನಲ್ಲಿ ಮೊದಲು ಬಂದದ್ದು ಇದು, ಆ ಗಾಡಿಯಲ್ಲೂ ಲೋ ರೇಂಜ್ ಇರಲಿಲ್ಲ. ಬಟನ್ ಒತ್ತಿ, ಪೆಡಲ್‌ಗಳಿಂದ ಕಾಲು ತೆಗೆದು, ಸ್ಟಿಯರಿಂಗ್ ಮಾತ್ರ ನೋಡಿಕೊಳ್ಳಿ. ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಬ್ರೇಕ್ ತುಳಿಯುವ ಆಸೆಯನ್ನು ತಡೆದುಕೊಂಡು, ತುಸು ಆಕ್ಸಿಲರೇಟರ್ ಕೊಡಿ. ಗಾಡಿ ನೇರವಾಗುತ್ತದೆ. ಸಡಿಲ ಜಲ್ಲಿಯ ಮೇಲೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ ಅನ್ನುವುದೂ ನೆನಪಿರಲಿ.

ಪಕ್ಕಕ್ಕೆ ವಾಲಿದ ದಾರಿ ಬಂದರೆ ಬೇರೆ ದಾರಿ ಹುಡುಕಿ. ಹೋಗಲೇಬೇಕಾದರೆ ನಿಧಾನವಾಗಿ. ಗಾಡಿ ಜಾರುತ್ತಿದೆ ಅನ್ನಿಸಿದ ಕ್ಷಣ ಸ್ಟಿಯರಿಂಗನ್ನು ಕೆಳಬದಿಗೆ ತಿರುಗಿಸಿ, ಮೇಲಕ್ಕಲ್ಲ.

ಹಂತ 9: ಕೆಸರು ಮತ್ತು ಮರಳು

ಕಲ್ಲಿನ ದಾರಿಯಲ್ಲಿ ನಿಧಾನ ಬೇಕು, ಇಲ್ಲಿ ಓಟದ ಒತ್ತು ಬೇಕು. ನಿಂತರೆ ಹೂತಂತೆ. ಎರಡನೇ ಗೇರಿನಲ್ಲಿ, ಒಂದೇ ವೇಗದಲ್ಲಿ ದಾಟಿ. ಕೆಸರಿನಲ್ಲಿ ಹಿಡಿತ ತಪ್ಪುತ್ತಿದ್ದರೆ ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸಿ, ಟೈರಿನ ಅಂಚು ಹೊಸ ಮಣ್ಣನ್ನು ಕಚ್ಚುತ್ತದೆ.

ಇಲ್ಲಿ ಟ್ರಾಕ್ಷನ್ ಕಂಟ್ರೋಲ್ ಶತ್ರುವಾಗುತ್ತದೆ. ಚಕ್ರ ಜಾರಿದ ಕೂಡಲೇ ಎಂಜಿನ್ ಶಕ್ತಿ ತಗ್ಗಿಸಿ ಓಟವನ್ನೇ ಕೊಂದುಬಿಡುತ್ತದೆ. ಹಾಗಾಗಿ ಕೆಸರು, ಮರಳಿಗೆ ಆಫ್ ಮಾಡಿ, ಕಲ್ಲಿನ ದಾರಿ ಬಂದಾಗ ಮತ್ತೆ ಆನ್ ಮಾಡಿ. ಕೆಲವು ಗಾಡಿಗಳಲ್ಲಿ ಬಟನ್ನನ್ನು ಒಮ್ಮೆ ಒತ್ತಿದರೆ ಅರ್ಧ ಆಫ್, ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಪೂರ್ತಿ ಆಫ್. ಕೈಪಿಡಿ ನೋಡಿ. ಮಡ್, ಸ್ಯಾಂಡ್ ಎಂಬ ಮೋಡ್‌ಗಳಿದ್ದರೆ ಅವು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಮರಳಿನಲ್ಲಿ ಬ್ರೇಕ್ ಹಾಕಿ ನಿಲ್ಲಬೇಡಿ. ಟೈರಿನ ಮುಂದೆ ಮರಳಿನ ಗುಡ್ಡೆ ಏಳುತ್ತದೆ, ಮತ್ತೆ ಹೊರಡುವುದು ಕಷ್ಟ. ಕಾಲು ತೆಗೆದು, ಉರುಳಿಕೊಂಡೇ ನಿಲ್ಲಲಿ. ಮೂತಿ ಇಳಿಜಾರಿನ ಕಡೆಗಿರಲಿ.

ಹಂತ 10: ನೀರು

ಇಲ್ಲಿ ಧೈರ್ಯಕ್ಕಿಂತ ಹೆದರಿಕೆಯೇ ಒಳ್ಳೆಯದು. ಕೈಪಿಡಿಯಲ್ಲಿ ನೀರಿನ ಆಳದ ಮಿತಿ ಕೊಟ್ಟಿದ್ದರೆ ಅದೇ ಕೊನೆ ಮಾತು. ಇಲ್ಲದಿದ್ದರೆ ಅರ್ಧ ಚಕ್ರ, ಅಂದರೆ ಸುಮಾರು 30 ಸೆಂಟಿಮೀಟರ್, ಅದಕ್ಕಿಂತ ಜಾಸ್ತಿ ಬೇಡ. ನಿಂತ ನೀರಾದರೆ ಕೋಲು ಹಿಡಿದು ನಡೆದು ನೋಡಿ, ಆಳವೂ ತಳವೂ ಗೊತ್ತಾಗಲಿ. ನಡೆದು ದಾಟಲು ಹೆದರಿಕೆಯಾಗುವ ನೀರಿಗೆ ಗಾಡಿ ಇಳಿಸಬಾರದು. ರಭಸದಿಂದ ಹರಿಯುವ 12 ಇಂಚು ನೀರು ಹೆಚ್ಚಿನ ಕಾರುಗಳನ್ನು, ಎರಡು ಅಡಿ ನೀರು ಎಸ್‌ಯುವಿಯನ್ನೂ ಕೊಚ್ಚಿಕೊಂಡು ಹೋಗಬಲ್ಲದು ಅಂತ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸುತ್ತದೆ.

ಬಾನೆಟ್ ತೆರೆದು ಗಾಳಿ ಒಳಗೆ ಹೋಗುವ ಪೈಪಿನ ಬಾಯಿ ಎಲ್ಲಿದೆ ನೋಡಿ. ಕೆಲವು ಗಾಡಿಗಳಲ್ಲಿ ಅದು ಹೆಡ್‌ಲೈಟಿನ ಹಿಂದೆ, ನೀವು ಅಂದುಕೊಂಡದ್ದಕ್ಕಿಂತ ಕೆಳಗೆ ಇರುತ್ತದೆ. ನೀರಿಗೆ ಮೊದಲ ಗೇರಿನಲ್ಲಿ ಮೆಲ್ಲನೆ ಇಳಿದು, ಮುಂದೆ ಸಣ್ಣ ಅಲೆ ಏಳುವಷ್ಟು ವೇಗ ಹಿಡಿದು, ಗೇರ್ ಬದಲಿಸದೆ ಆಚೆ ದಡ ಸೇರಿ. ರಭಸದಿಂದ ನುಗ್ಗಿ ನೀರು ಹಾರಿಸುವುದು ಫೋಟೊಗೆ ಚೆನ್ನ. ಎಂಜಿನ್‌ಗೆ ನೀರು ಕುಡಿಸುವ ಸುಲಭ ದಾರಿಯೂ ಅದೇ.

ಮಧ್ಯದಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಇದೊಂದನ್ನು ಯಾವತ್ತೂ ಮೀರಬಾರದು. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಕುಗ್ಗಿಸಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಒಂದು ಸೆಲ್ಫ್‌ಗೆ ಇಡೀ ಎಂಜಿನ್ ಹೋಗುತ್ತದೆ. ಗಾಡಿಯನ್ನು ಎಳೆದು ಹೊರತೆಗೆದು, ಏರ್ ಫಿಲ್ಟರ್ ಒದ್ದೆಯಾಗಿದೆಯೋ ನೋಡಿ. ಒದ್ದೆಯಾಗಿದ್ದರೆ ಮೆಕ್ಯಾನಿಕ್ ಬರುವ ತನಕ ಕೀ ಮುಟ್ಟಬೇಡಿ.

ಸರಿಯಾಗಿ ದಾಟಿದವರು ಸ್ವಲ್ಪ ದೂರ ಹಗುರವಾಗಿ ಬ್ರೇಕ್ ಒತ್ತಿಕೊಂಡು ಹೋಗಿ, ಪ್ಯಾಡ್‌ಗಳು ಒಣಗಲಿ.

ಹಂತ 11: ಹೂತುಹೋದಾಗ

ಮೊದಲು ಆಕ್ಸಿಲರೇಟರ್ ಬಿಡಿ. ಗಾಡಿ ಮುಂದೆ ಹೋಗುತ್ತಿಲ್ಲ ಅಂದಮೇಲೆ ಚಕ್ರ ತಿರುಗಿಸಿದಷ್ಟೂ ಆಳಕ್ಕೆ ಇಳಿಯುತ್ತೀರಿ. ಇಳಿದು ನೋಡಿ. ಹೊಟ್ಟೆ ತಾಗಿದೆಯೋ, ಚಕ್ರ ಮಾತ್ರ ಹೂತಿದೆಯೋ?

ಚಕ್ರ ಮಾತ್ರ ಆಗಿದ್ದರೆ, ಬಂದ ಜಾಡಿನಲ್ಲೇ ಹಿಂದಕ್ಕೆ ಹೋಗುವುದು ಸುಲಭ, ಅಲ್ಲಿ ಮಣ್ಣು ಆಗಲೇ ಒತ್ತಿಕೊಂಡಿರುತ್ತದೆ. ಗಾಳಿ ಇನ್ನೊಂದಷ್ಟು ಇಳಿಸಿ. ಎಳೆಯುವ ಚಕ್ರಗಳ ಎದುರಿನ ಮಣ್ಣನ್ನು ಇಳಿಜಾರಾಗಿ ಬಗೆದು, ಟ್ರಾಕ್ಷನ್ ಬೋರ್ಡ್, ಕಲ್ಲು, ಒಣ ಟೊಂಗೆ ಏನು ಸಿಗುತ್ತದೋ ಅದನ್ನು ಟೈರಿಗೆ ಒತ್ತಿ ಇಡಿ. ಯಾರೂ ಗಾಡಿಯ ಮುಂದಾಗಲಿ ಹಿಂದಾಗಲಿ ನಿಲ್ಲಬಾರದು, ಇಟ್ಟ ವಸ್ತು ಬಾಣದ ವೇಗದಲ್ಲಿ ಹಾರಿ ಬರಬಹುದು. ಹೊಟ್ಟೆ ತಾಗಿದ್ದರೆ ಇಷ್ಟು ಸಾಲದು. ಹಲಗೆಯ ಮೇಲೆ ಜಾಕ್ ಇಟ್ಟು, ಒಂದೊಂದೇ ಚಕ್ರ ಎತ್ತಿ, ಅದರಡಿ ಕಲ್ಲು ತುಂಬಬೇಕು. ತಾಳ್ಮೆಯ ಕೆಲಸ, ಆದರೆ ಖಂಡಿತ ಫಲ ಕೊಡುತ್ತದೆ. ಜಾಕ್ ಮೇಲಿರುವ ಗಾಡಿಯ ಕೆಳಗೆ ಮೈ ತೂರಿಸಬೇಡಿ. ಸೈಲೆನ್ಸರ್ ಬಾಯಿ ಮಣ್ಣಿನಲ್ಲಿ ಹೂತಿದ್ದರೆ ಎಂಜಿನ್ ಓಡಿಸಿಕೊಂಡು ಒಳಗೆ ಕೂರಬೇಡಿ, ವಿಷದ ಹೊಗೆ ಒಳಕ್ಕೆ ಬರುತ್ತದೆ.

ಇನ್ನೊಂದು ಗಾಡಿಯಿಂದ ಎಳೆಸುವಾಗ ಜೀವಕ್ಕೇ ಅಪಾಯವಿದೆ. ಟೂಲ್ ಕಿಟ್‌ನಲ್ಲಿ ಕೊಡುವ ತಿರುಪಿನ ಟೋ ಹುಕ್ ನೇರವಾಗಿ, ಮೆಲ್ಲನೆ ಎಳೆಯಲು ಮಾಡಿದ್ದು. ಸಡಿಲ ಹಗ್ಗ ಬಿಟ್ಟು, ಓಡಿ ಬಂದು ಜಗ್ಗುವುದಕ್ಕಲ್ಲ. ಟ್ರೇಲರ್ ಕಟ್ಟುವ ಲೋಹದ ಉಂಡೆಗೆ (ಟೋ ಬಾಲ್) ಹಗ್ಗ ಸಿಕ್ಕಿಸಲೇಬೇಡಿ. ಅದು ಮುರಿದರೆ ಗುಂಡಿನಂತೆ ಹಾರುತ್ತದೆ, ಹಾಗೆ ಜನ ಸತ್ತಿದ್ದಾರೆ. ಮೊದಲು ಸಲಿಕೆಯಿಂದ ಚೆನ್ನಾಗಿ ಬಗೆದು, ಹಗ್ಗ ಬಿಗಿ ಮಾಡಿಕೊಂಡು, ಆಮೇಲೆ ನಿಧಾನಕ್ಕೆ ಎಳೆಸಿ. ಹಗ್ಗದ ಮೇಲೆ ಒಂದು ದಪ್ಪ ಕಂಬಳಿ ಹೊದಿಸಿ, ತುಂಡಾದರೂ ಹಾರುವುದು ಕಡಿಮೆಯಾಗುತ್ತದೆ. ನೋಡುವವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಲಿ.

ಹಂತ 12: ವಾಪಸ್ ಬಂದ ಮೇಲೆ

ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ. ಕೆಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧಿ ಮಾಡುವ ಡಬ್ಬಿ) ಹುಲ್ಲಿಗೆ ಬೆಂಕಿ ಹತ್ತಿಸುವಷ್ಟು ಬಿಸಿ ಇರುತ್ತದೆ. ಕೆಳಗೆ ಹುಲ್ಲು, ಕಡ್ಡಿ ಸಿಕ್ಕಿದ್ದರೆ ಆರಿದ ಮೇಲೆ ಕಿತ್ತು ತೆಗೆಯಿರಿ.

ಗಾಳಿ ತುಂಬುವಾಗಲೇ ಟೈರುಗಳ ಒಳ ಪಕ್ಕೆಯನ್ನೂ ಸವರಿ ನೋಡಿ, ಸೀಳು, ಉಬ್ಬು ಇದ್ದರೆ ಅಲ್ಲೇ ಸಿಗುವುದು. ಹೈವೇಯಲ್ಲಿ ಸ್ಟಿಯರಿಂಗ್ ಗಡಗಡ ನಡುಗಿದರೆ ಹೆದರಬೇಡಿ, ಬಹುಪಾಲು ರಿಮ್ಮಿನೊಳಗೆ ಒಣಗಿದ ಕೆಸರು. ಕರಕರ ಅಂತ ಕಿವಿ ಕೊರೆಯುವ ಸದ್ದು ಬಂದರೆ ಬ್ರೇಕ್ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಸಣ್ಣ ಕಲ್ಲು ಸಿಕ್ಕಿರುತ್ತದೆ. ಸ್ವಲ್ಪ ಹಿಂದಕ್ಕೆ ಓಡಿಸಿದರೆ ಎಷ್ಟೋ ಸಲ ತಾನೇ ಬಿದ್ದುಹೋಗುತ್ತದೆ.

ಮನೆಯಲ್ಲಿ ಗಾಡಿಯ ಹೊಟ್ಟೆ ತೊಳೆಯಿರಿ. ರೇಡಿಯೇಟರ್‌ಗೆ ಮೆತ್ತಿದ ಕೆಸರನ್ನು ಮಾಮೂಲಿ ಪೈಪಿನ ನೀರಲ್ಲೇ ಇಳಿಸಿ, ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಮುಂದಿನ ಆಕ್ಸಲ್‌ನ ರಬ್ಬರ್ ಬೂಟುಗಳು ಹರಿದು ಗ್ರೀಸ್ ಸಿಡಿದಿದೆಯೋ ನೋಡಿ. ಈಗ ಹಿಡಿದರೆ ಬೂಟ್ ಬದಲಿಸಿದರೆ ಸಾಕು, ಬಿಟ್ಟರೆ ಇಡೀ ಜಾಯಿಂಟ್ ಹೋಗುತ್ತದೆ. ಏರ್ ಫಿಲ್ಟರ್ ಬಡಿದು ಧೂಳು ನೋಡಿ. ಆಳದ ನೀರು ದಾಟಿದ್ದರೆ ಡಿಫರೆನ್ಷಿಯಲ್ ಆಯಿಲ್ ಪರೀಕ್ಷಿಸಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ, ಬದಲಿಸಿ. ದಾರಿಯಲ್ಲಿ ಚಕ್ರ ಬಿಚ್ಚಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.